ಳ ಅಕ್ಷರದ ಗಂಟು

"ಈ ಅಕ್ಷರ ನಿಮ್ಮಪ್ಪ ಬರೆದಿದ್ನೇನೋ?" ಎಂದು ಕೇಳಿ, ಫ್ಲೆಕ್ಸ್ ತುಂಡನ್ನು ಭಾವಮೈದುನನ ಕಂಪ್ಯೂಟರಿನ ಮುಂದೆ ಎಸೆದೆ.

"ನಮ್ಮಪ್ಪನ ಸುದ್ದಿ ಬೇಡ ಭಾವ. ಅವರು ನಿಮಗೆ ಮಾವ ಆಗ್ಬೇಕು."

ನನ್ನ ಹೆಂಡತಿ ಅವನ ಪ್ರಿಂಟಿಂಗ್ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಜಗಳ ಬಿಡಿಸಲು ನನ್ನ ಹಿಂದೆ ಬಂದಿದ್ದಾಳೆಂದು ಆಗ ತಿಳಿದಿದ್ದೆ.

ನಾನು ಬೋರ್ಡ್ ಬರೆಯುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೂವತ್ತು ವರ್ಷದಿಂದ ಬ್ರಷ್ ಹಿಡಿದಿದ್ದೇನೆ. ಒಮ್ಮೆ ಗೊಂಬೆ ಅಂಗಡಿಗೆಂದು ಕುಣಿಯುವ ಅಕ್ಷರ ಬರೆದೆ. ತಲೆಕಟ್ಟು ಓರೆ ಟೋಪಿಯಂತೆ, ಕೊಂಬು ಬೆಕ್ಕಿನ ಬಾಲದಂತೆ, ಹೊಟ್ಟೆ ದಪ್ಪ. ಓದು ಬಾರದ ಮಕ್ಕಳೂ ಅದನ್ನು ನೋಡಿ ನಗುತ್ತಿದ್ದವು.

ನಾನು ಬರೆಯದಿದ್ದರೂ ಆ ಅಕ್ಷರ ಈಗ ಬೀದಿಯ ತುಂಬ. ಐಸ್‌ಕ್ರೀಮಿಗೆ ಸರಿ, ಕೂಸುಗಳ ಬಟ್ಟೆಗೂ ಸರಿ. ಹಲ್ಲಿನ ಡಾಕ್ಟರರ ಬೋರ್ಡನ್ನೂ ಸಹಿಸಿಕೊಂಡೆ. ಆ ದಿನ ಬೆಳಿಗ್ಗೆ ‘ಶವಪೆಟ್ಟಿಗೆಗಳು ಸಿಗುತ್ತವೆ’ ಎಂಬುದು ಅದೇ ಅಕ್ಷರದಲ್ಲಿ ಕುಣಿಯುತ್ತಿತ್ತು; ಅದರದೇ ಒಂದು ತುಂಡನ್ನು ಹರಿದು ತಂದಿದ್ದೆ. ಸತ್ತವನ ಮನೆಯವರು ಅದನ್ನು ಓದಿ ಅಳಬೇಕೋ ನಗಬೇಕೋ?

ಅದು ಯಾವುದೋ ಕಂಪನಿಯ ಫಾಂಟ್, ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದ ಭಾವಮೈದುನ. ನನ್ನ ಮುಖ ಮಾತ್ರ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ. ನಾನು ಮಾತಿನ ದಾರಿ ಬದಲಿಸಿದೆ. ಕಂಪನಿಯವರಿಗೆ ಬುದ್ಧಿಯಿಲ್ಲ, ‘ಳ’ದ ಹೊಟ್ಟೆಯ ಮೇಲೆ ಇದೆಂಥ ಅಸಹ್ಯ ಗಂಟು ಎಂದೆ.

"ಅದು ನಿಮ್ಮ ಸ್ಟೈಲ್ ಅಲ್ವಾ ಭಾವ? ಬೇಕಂತಲೇ ಹಾಕಿದ್ದೀರಿ ಅಂತ ಹಾಗೇ ಬಿಟ್ಟೆ," ಎಂದವನೇ ತುಟಿ ಕಚ್ಚಿದ.

ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ಬ್ರಷ್ಷಿನ ಕೂದಲು ಉದುರಿ, ಬಣ್ಣಕ್ಕೆ ಅಂಟಿ ಆದ ಗಂಟು. ಗೊಂಬೆ ಅಂಗಡಿಯ ಬೋರ್ಡಿನಲ್ಲೂ ಅದಿಲ್ಲ. ಅದಕ್ಕೂ ಮೊದಲು ‘ಅ’ದಿಂದ ‘ಳ’ದವರೆಗೆ ಅಭ್ಯಾಸಕ್ಕೆ ಬರೆದ ಹಾಳೆಗಳಲ್ಲಿ ಮಾತ್ರ ಇದೆ. ಆ ಹಾಳೆಗಳಿರುವುದು ನಮ್ಮ ಮನೆಯ ಬೀರುವಿನಲ್ಲಿ. ಬೀಗದ ಕೈ ಹೆಂಡತಿಯ ಹತ್ತಿರ.

ಬಾಗಿಲ ಕಡೆ ತಿರುಗಿದೆ.

"ಹಾಳೆಗಳನ್ನ ಇವನಿಗೆ ನಾನೇ ಕೊಟ್ಟೆ," ಎಂದಳು. "ಹೋದ ವರ್ಷದಿಂದ ಬರೆಯೋವಾಗ ಬಲಗೈನ ಎಡಗೈಲಿ ಹಿಡ್ಕೋತೀರಿ. ನಾನೇನು ಕುರುಡೀನಾ? ಕೈ ಕೈಕೊಡೋ ಮುಂಚೆ ಅಕ್ಷರನಾದ್ರೂ ಫಾಂಟಾಗಿ ಉಳೀಲಿ ಅಂತ ಕೊಟ್ಟೆ."

ನನ್ನ ಕೈಗೆ ಏನೂ ಆಗಿಲ್ಲ ಎಂದೆ. ಅಕ್ಕ ತಮ್ಮ ಸೇರಿ ನನ್ನನ್ನು ಮೂಲೆಗೆ ಕೂರಿಸಲು ಕಥೆ ಕಟ್ಟಿದ್ದೀರಿ, ಬೀರುವಿನಿಂದ ಇನ್ನೇನೇನು ಹೋಗಿದೆ ಎಂದೂ ಕೇಳಿದೆ.

ಭಾವಮೈದುನ ಒಂದು ಹಾಳೆ, ಬ್ರಷ್, ಕಪ್ಪು ಬಣ್ಣದ ಡಬ್ಬಿ ತಂದು ಮೇಜಿನ ಮೇಲಿಟ್ಟ.

"ಒಂದೇ ಒಂದು ‘ಳ’ ಬರೀರಿ ಭಾವ. ಬರೆದ್ರೆ ಆ ಫಾಂಟನ್ನ ಈಗ್ಲೇ ಅಳಿಸಿಬಿಡ್ತೀನಿ."

ಬ್ರಷ್ ಅದ್ದಿದೆ. ಹಾಳೆಗೆ ತಾಗುವ ಮೊದಲೇ ಮೇಜಿನ ಮೇಲೆ ಮೂರು ಹನಿ ಬಿದ್ದವು. ಇಬ್ಬರೂ ಆ ಹನಿಗಳನ್ನೇ ನೋಡುತ್ತಿದ್ದರು. ಬೇಕೆಂದೇ ಬಣ್ಣವನ್ನು ನೀರು ಮಾಡಿಟ್ಟಿದ್ದೀರಿ ಎಂದು ಬೈದೆ. 

ಬ್ರಷ್ಷನ್ನು ಡಬ್ಬಿಗೆ ಎಸೆದು ಹೊರಗೆ ನಡೆದೆ. ಹೆಂಡತಿ ಹಿಂದಿನಿಂದ ಕರೆದಳು. ಆ ಅಂಗಡಿಯ ಮೆಟ್ಟಿಲನ್ನು ನಾನು ಮತ್ತೆ ಹತ್ತಲಿಲ್ಲ.