ಎರಡು ದೀಪಗಳ ಮೇಲಿನ ಕಪ್ಪು ಟೇಪು

ಗಲ್ಲಿಯಿಂದ ಸೈಕಲ್ಲಿನವನೊಬ್ಬ ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗಿದ. ಸ್ಟಿಯರಿಂಗ್ ಹಿಡಿದಿದ್ದ ಟೈಲರಮ್ಮ "ಅಯ್ಯೋ!" ಎಂದು ಎರಡೂ ಕಾಲು ಮೇಲೆತ್ತಿಬಿಟ್ಟಳು. ಪಕ್ಕದಲ್ಲಿ ಕೂತು ಡ್ರೈವಿಂಗ್ ಕಲಿಸುತ್ತಿದ್ದ ಪುಟ್ಟಿ (ಮನೆಯವರಿಗೆ ಪುಟ್ಟಿ, ಕಲಿಯಲು ಬಂದವರಿಗೆ ಮೇಡಂ) ತನ್ನ ಕಾಲ ಬಳಿಯ ಇನ್ನೊಂದು ಬ್ರೇಕನ್ನು ಬಲವೆಲ್ಲ ಹಾಕಿ ಒತ್ತಿದಳು.

ಒತ್ತಿದೊಡನೆ ಪೆಡಲ್ ಅಂಗಾಲಿನ ಕೆಳಗೆ ಗಡಗಡ ನಡುಗಬೇಕಿತ್ತು. ಒದ್ದೆ ರಸ್ತೆಯಲ್ಲಿ ಅದು ನಡುಗಿದರೇ ಅವಳಿಗೆ ಧೈರ್ಯ. ಎಬಿಎಸ್ ಎಚ್ಚರವಾಗಿದೆ, ಚಕ್ರ ಬಿಗಿದು ಜಾರಲು ಬಿಡುವುದಿಲ್ಲ ಎಂದರ್ಥ. ಈಗ ನಡುಗಲಿಲ್ಲ. ನಾಲ್ಕೂ ಚಕ್ರ ಬಿಗಿದುಕೊಂಡು, ಕಾರು ಸೋಪಿನ ತುಂಡಿನಂತೆ ಜಾರಿತು. ಕೈಚಾಚಿ ಸ್ಟಿಯರಿಂಗ್ ಎಳೆದರೂ ಯಾರಿಗೋ ಹೇಳಿದ ಮಾತೆಂಬಂತೆ ನೇರವಾಗಿಯೇ ಹೋಯಿತು. ಸೈಕಲ್ಲಿನ ಹಿಂಚಕ್ರಕ್ಕೆ ಒಂದು ಗೇಣು ಉಳಿದಾಗ ನಿಂತಿತು. ಸೈಕಲ್ಲಿನವನು ವಂಶವನ್ನೆಲ್ಲ ಜಾಲಾಡಿ ಬೈದು ಹೊರಟುಹೋದ.

"ನನ್ನ ಹೊಲಿಗೆ ಮಿಷನ್ನೇ ವಾಸಿ ಮೇಡಂ," ಎಂದಳು ಟೈಲರಮ್ಮ. "ಕಾಲು ತೆಗೆದ್ರೆ ನಿಂತುಬಿಡುತ್ತೆ."

ಪುಟ್ಟಿಗೆ ನಗು ಬರಲಿಲ್ಲ. ಕೀ ತಿರುಗಿಸಿ ಆರಿಸಿದಳು, ಮತ್ತೆ ತಿರುಗಿಸಿದಳು. ಆ ಕ್ಷಣ ಮೀಟರಿನ ಎಲ್ಲ ದೀಪಗಳೂ ಒಮ್ಮೆ ಹೊತ್ತಬೇಕು. ಎಲ್ಲವೂ ಹೊತ್ತಿದವು, ಎರಡನ್ನು ಬಿಟ್ಟು. ಉಗುರಿನಿಂದ ಕೆರೆದಾಗ ಗಾಜಿನ ಮೇಲಿಂದ ಎರಡು ಪುಟಾಣಿ ಕಪ್ಪು ಟೇಪು ಕಿತ್ತುಬಂದವು. ಬ್ಲೇಡಿನಿಂದ ಅಚ್ಚುಕಟ್ಟಾಗಿ ಕತ್ತರಿಸಿದ್ದವು. ಅಡಿಯಲ್ಲಿ ಎಬಿಎಸ್ ದೀಪ, ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲಿನ ದೀಪ, ಎರಡೂ ಉರಿಯುತ್ತಲೇ ಇದ್ದವು. ಫ್ಯೂಸಿನ ಡಬ್ಬಿ ತೆರೆದರೆ ಎಬಿಎಸ್ ಫ್ಯೂಸಿನ ಗೂಡು ಖಾಲಿ.

ದಿನಾ ಬೆಳಗ್ಗೆ ಈ ಕಾರನ್ನು ತೊಳೆದು ಒರೆಸಿ ಕೊಡುವವನು ಅಪ್ಪ ಒಬ್ಬನೇ.

ಟೈಲರಮ್ಮನನ್ನು ಮನೆ ಬಾಗಿಲಿಗೆ ಬಿಟ್ಟು, ಆಮೆಗಿಂತ ನಿಧಾನವಾಗಿ ಶೆಡ್ಡಿಗೆ ಬಂದಳು. ಅಪ್ಪ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದ. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಒಂದು ನಾಯಿಮರಿಗೂ ತಾಗಿಸದೆ ನಿವೃತ್ತನಾದವನು.

"ಫ್ಯೂಸ್ ನೀನೇ ತೆಗೆದ್ಯಾ ಅಪ್ಪ?"

"ಹೂಂ. ಕಲಿಯೋಕೆ ಬರೋರು ಬ್ರೇಕ್ ಒತ್ತಿದ್ರೆ ಕಾಲಡಿ ನಡುಗುತ್ತೆ ಅಂತ ಹೆದರ್ತಾರೆ ಅಂದಿದ್ದೆಯಲ್ಲ. ನಡುಕ ನಿಲ್ಲಿಸಿದೆ." ಅವನ ಮುಖದಲ್ಲಿ ಉಪಕಾರ ಮಾಡಿದ ಬೆಳಕಿತ್ತು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಕಾಲಿಗೇ ಬುದ್ಧಿ ಇರ್ಬೇಕು."

"ದೀಪ ಯಾಕೆ ಮುಚ್ಚಿದೆ?"

"ನೀನು ನೋಡಿದ್ರೆ ಸುಮ್ನಿರ್ತೀಯಾ? ಹಗ್ಗ ಕಂಡ್ರೂ ಹಾವು ಅನ್ನೋಳು."

"ಈಗ ಒಬ್ಬನ ಪ್ರಾಣ ಹೋಗ್ತಿತ್ತಪ್ಪ. ಗೇಣುದ್ದದಲ್ಲಿ ತಪ್ಪಿತು."

ಅಪ್ಪನ ಕೈಯಲ್ಲಿದ್ದ ಬಟ್ಟೆ ನೀರು ಸುರಿಸುತ್ತ ಹಾಗೇ ನಿಂತಿತು. ಆಮೇಲೆ ಅವನು ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದ: "ನಿನ್ನ ಅಕ್ಕನ ಕಾರಿಂದೂ ತೆಗೆದಿದ್ದೀನಿ. ಭಾನುವಾರ ಬಂದಾಗ ಅವಳೂ ಬ್ರೇಕ್ ನಡುಗುತ್ತೆ ಅಂದ್ಲಲ್ಲ, ಆವಾಗ."

ಅಕ್ಕ ಇವತ್ತು ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಬೆಟ್ಟದ ಇಳಿಜಾರಿನ ರಸ್ತೆಗೆ ಹೊರಟಿದ್ದಾಳೆ. ಬೆಳಗಿನಿಂದ ಬಿಡದೆ ಮಳೆ. ಪುಟ್ಟಿ ತಕ್ಷಣ ಅವಳ ನಂಬರ್ ಒತ್ತಿದಳು.

"ಪೆಟ್ರೋಲ್ ಬಂಕಲ್ಲಿದ್ದೀನಿ ಕಣೇ, ಇನ್ನೇನು ಇಳಿಜಾರು ಶುರು," ಅಕ್ಕನ ದನಿ ಲವಲವಿಕೆಯಲ್ಲಿತ್ತು.

"ಕಾರು ತೆಗೀಬೇಡ ಅಕ್ಕ! ಎಬಿಎಸ್ ಕೆಲ್ಸ ಮಾಡ್ತಿಲ್ಲ!"

"ಶುರುವಾಯ್ತಾ ನಿಂದು? ಮೊನ್ನೆ ಟೈರಿನ ಗಾಳಿ, ಇವತ್ತು ಬ್ರೇಕು. ಒಂದು ದೀಪಾನೂ ಉರೀತಿಲ್ಲ. ಅಪ್ಪನೇ ನೋಡಿ ಕೊಟ್ಟಿದ್ದಾನೆ. ಇಡ್ತೀನಿ."

"ಇಡಬೇಡ! ಒಂದು ನಿಮಿಷ!" ಪುಟ್ಟಿ ಫೋನನ್ನು ಅಪ್ಪನ ಎದೆಗೆ ಒತ್ತಿದಳು. "ನನ್ನ ಮಾತು ಕೇಳಲ್ಲ ಅವಳು. ನೀನೇ ಹೇಳು."

ಅಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿದ. ತನ್ನದು ತಪ್ಪು ಎಂದು ಅವನು ಹೇಳಿದ್ದನ್ನು ಅವನ ಹೆಣ್ಣುಮಕ್ಕಳಿಬ್ಬರೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಕಡೆ ಎಂಜಿನ್ ಸ್ಟಾರ್ಟ್ ಆದ ಸದ್ದು.

"ಮಗಾ, ಆಫ್ ಮಾಡು," ಎಂದ. "ಪುಟ್ಟಿ ಹೇಳಿದ್ದು ನಿಜ. ನಾನೇ ಕೆಡಿಸಿದ್ದು. ನಿನಗೆ ಕಾಣಬಾರದು ಅಂತ ದೀಪಾನೂ ಮುಚ್ಚಿದೆ."

ಎಂಜಿನ್ ಸದ್ದು ನಿಂತಿತು. ಮಳೆಯ ಸದ್ದು, ಹಿಂದಿನ ಸೀಟಿನಲ್ಲಿ ಮಕ್ಕಳು ಕಿಟಕಿಗಾಗಿ ಜಗಳವಾಡುವ ಸದ್ದು ಮಾತ್ರ ಕೇಳುತ್ತಿತ್ತು.

"ನೀನಾ, ಅಪ್ಪ?" ಅಂದಳು ಅಕ್ಕ.