ಹೊಳೆ ಕಾಯುವ ಕಂಪ್ಯೂಟರ್

ಬೂದಿ ಬಿದ್ದ ಮೇಲೆ ನಮ್ಮೂರಿನವರು ಬೆಟ್ಟಕ್ಕಿಂತ ಮಳೆಗೆ ಹೆಚ್ಚು ಹೆದರುತ್ತಿದ್ದರು. ಬೆಂಕಿಬೆಟ್ಟ ಉಗುಳಿದ ಬೂದಿ ಮೇಲಿನ ಇಳಿಜಾರಿನಲ್ಲಿ ಮೊಣಕಾಲು ಮುಳುಗುವಷ್ಟು ಕೂತಿತ್ತು. ನೆತ್ತಿಯ ಮೇಲೆ ಜೋರು ಮಳೆಯಾದರೆ ಅದೆಲ್ಲ ಕೆಸರಾಗಿ, ಬಂಡೆಗಳನ್ನೂ ಮರಗಳನ್ನೂ ಹೊತ್ತುಕೊಂಡು ಯಾನಾಯಾಕು ಹೊಳೆಯಲ್ಲಿ ಇಳಿಯುತ್ತದೆ. ಊರು ದಿಬ್ಬದ ಮೇಲಿದೆ, ಅದಕ್ಕೆ ಅಪಾಯವಿಲ್ಲ. ಹೊಳೆಯ ಅಂಚಿನ ಚಿಲ್ಕಾಪಾಂಬಾ ಕೇರಿಯವರು ಮಾತ್ರ ಕೆಸರು ಬರುವುದರೊಳಗೆ ಮೇಲೆ ಹತ್ತಿಬಿಡಬೇಕು.

ಯಾವಾಗ ಹತ್ತಬೇಕು ಎಂದು ಹೇಳುತ್ತಿದ್ದದ್ದು ಪಂಚಾಯಿತಿ ಕೋಣೆಯ ಕಂಪ್ಯೂಟರ್. ಹೊಳೆಯ ಮೇಲ್ಗಡೆ ನೆಲದಲ್ಲಿ ಹೂತಿಟ್ಟ ಸಾಧನವೊಂದು ನೆಲದ ನಡುಕವನ್ನು ರೇಡಿಯೋದಲ್ಲಿ ಕಳಿಸುತ್ತಿತ್ತು. ಪರದೆಯ ಮೇಲೆ ಅದು ಗೆರೆಯಾಗಿ ಓಡುತ್ತಿತ್ತು. ಆ ಗೆರೆ ನೋಡುತ್ತ ಕೂರುವುದು ನನ್ನ ಕೆಲಸ. ಗೆರೆ ಕುಣಿಯತೊಡಗಿದರೆ ಇಗರ್ಜಿಯ ಗಂಟೆ ಹೊಡೆಸಬೇಕು.

ಹಿಂದಿನ ವರ್ಷ ಒಮ್ಮೆ ಹಾಗೆ ಕುಣಿದಿತ್ತು. ಗಂಟೆ ಹೊಡೆದೆವು, ಚಿಲ್ಕಾಪಾಂಬಾ ಖಾಲಿಯಾಯಿತು. ಹೊಳೆ ಬರಲಿಲ್ಲ, ಕಳ್ಳರು ಬಂದರು. ಯಾರದೋ ಎತ್ತುಗಳು ಸಾಧನದ ಮೇಲೆಯೇ ಓಡಾಡಿದ್ದವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೇರಿಯ ಅರ್ಧ ದನಕರು ಮಾಯವಾಗಿದ್ದವು. ಸೆಗುಂದೋ ಪಿಲಾಮುಂಗಾ ಎಂಬ ಮುದುಕ ತನ್ನ ಹಂದಿಗಳನ್ನೂ ಕರು ಹಾಕಿದ್ದ ಹಸುವನ್ನೂ ಕಳೆದುಕೊಂಡ. ಆ ಕಂಪ್ಯೂಟರ್ ಕೆಟ್ಟರೆ ಸರಿಮಾಡುತ್ತಿದ್ದವನು ಅವನ ಮಗ ಕ್ಲೆವರ್. ಅವತ್ತಿನಿಂದ ಅಪ್ಪ ಮಗನ ಜೊತೆ ಮಾತು ಬಿಟ್ಟಿದ್ದ. ಕ್ಲೆವರ್ ಮೇಲಿನ ಊರಿನ ಚೌಕದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡು ಅಲ್ಲೇ ಮಲಗುತ್ತಿದ್ದ.

ಆ ದಿನ ಬೆಳಿಗ್ಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂತು. ಕಂಪ್ಯೂಟರ್ ಮಾತ್ರ ಮೇಲೇಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ. ಫೋನಿನ ಟವರೂ ಸತ್ತಿತ್ತು, ಸಾಧನ ಕೂರಿಸಿಹೋಗಿದ್ದ ರಾಜಧಾನಿಯವರನ್ನು ಕೇಳುವ ಹಾಗಿರಲಿಲ್ಲ. ನಾನೇ ಓಡಿಹೋಗಿ ಕ್ಲೆವರನನ್ನು ಕರೆತಂದೆ.

ಅವನು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಕಿವಿಯನ್ನು ಡಿಸ್ಕಿನ ಹತ್ತಿರ ಇಟ್ಟ. ಪಂಚಾಯಿತಿಯ ಅಧ್ಯಕ್ಷೆ ರೊಸೌರಾ, ನಾವೆಲ್ಲ ಗೌರವದಿಂದ ದೊನ್ಯಾ ಎನ್ನುವವಳು, ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಅವಳ ತಮ್ಮ ಅಬ್ದೋನ್ ಚಿಲ್ಕಾಪಾಂಬಾದಿಂದ ಹಾಲು ಹಾಕಲು ಬಂದವನು, ತಮಾಷೆ ನೋಡಲು ಒಳಗೇ ಬಂದು ಕೂತ.

“ಏನೋ ಡಾಕ್ಟ್ರೇ, ಹೋಯ್ತಾ ಜೀವ?” ಅಂದ ಅಬ್ದೋನ್.

“ಇನ್ನೂ ನಾಡಿ ನೋಡ್ತಿದೀನಿ ಅಬ್ದೋನಣ್ಣ.”

“ಹೋಗಿದ್ರೆ ಹೇಳು, ಮಣ್ಣು ಹಾಕೋಕೆ ನಾನೇ ಬರ್ತೀನಿ. ನನ್ನ ಎರಡು ಕುರಿ ನುಂಗಿರೋದು ಇದೇ.”

“ಸುಮ್ನಿರೋ,” ಅಂದಳು ಅಕ್ಕ. “ಕ್ಲೆವರ್, ಮೇಲೆ ಮೋಡ ಕಟ್ತಿದೆ. ಎಷ್ಟು ಹೊತ್ತು ಬೇಕು?”

“ನೋಡ್ತೀನಿ ದೊನ್ಯಾ. ಡಿಸ್ಕ್ ತಿರುಗ್ತಿದೆ, ಆದ್ರೆ ಒಳಗೆ ಟಕ್ ಟಕ್ ಅಂತಿದೆ. ಈ ಸದ್ದು ನಂಗೆ ಇಷ್ಟ ಆಗ್ತಿಲ್ಲ.”

ಕೇಬಲ್ ಬದಲಾಯಿಸಿದ. ಡಿಸ್ಕ್ ಇದೆ ಎಂದು ಕಂಪ್ಯೂಟರ್ ಒಪ್ಪಿಕೊಂಡಿತು, ಆದರೆ ಎದ್ದೇಳಲಿಲ್ಲ. ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಒಳಗಿನ ಫೈಲುಗಳು ಒಂದೊಂದಾಗಿ ಕಾಣಿಸಿಕೊಂಡವು. ಅವನ ಮುಖ ಸ್ವಲ್ಪ ಬೆಳಗಿತು. ಸರಕೆಲ್ಲ ಇದೆ, ಬಾಗಿಲು ಮಾತ್ರ ಮುರಿದಿದೆ ಎಂದು ನನಗೆ ತಿಳಿಯುವಂತೆ ಹೇಳಿದ. ಬೇರೆ ಡಿಸ್ಕಿಗೆ ನಕಲು ತೆಗೆಯುವುದೇ ಸರಿಯಾದ ದಾರಿ, ಆದರೆ ಅದಕ್ಕೆ ಇಡೀ ದಿನ ಬೇಕು. ಡಿಸ್ಕನ್ನು ವಾಪಸ್ ಪೆಟ್ಟಿಗೆಯೊಳಗೆ ಕೂರಿಸಿ, ಒಂದು ಪೆನ್ ಡ್ರೈವ್ ಹಾಕಿ, ಡಿಸ್ಕಿನಲ್ಲಿ ಕೆಟ್ಟುಹೋದ ಭಾಗವನ್ನು ಅಲ್ಲೇ ಸರಿಮಾಡಲು ಕೂತ.

ನಾನು ಜೋಳ ಹುರಿದು ತಂದಿಟ್ಟೆ. ಯಾರೂ ಮುಟ್ಟಲಿಲ್ಲ. ಅಬ್ದೋನ್ ಒಂದು ಹಿಡಿ ಜೇಬಿಗೆ ಹಾಕಿಕೊಂಡು ಕೆಳಗಿಳಿದು ಹೋದ. ಕಿಟಕಿಯಾಚೆ ಬೆಟ್ಟದ ಅರ್ಧ ಮೋಡದೊಳಗೆ ಸೇರಿತ್ತು.

“ಗಂಟೆ ಹೊಡೆಸಿಬಿಡೋಣ ದೊನ್ಯಾ,” ಅಂದೆ.

“ಯಾವ ಮುಖ ಇಟ್ಕೊಂಡು? ಹೋದ್ ಸಲ ನನ್ನ ಮನೆ ಗೋಡೆಗೆ ಸಗಣಿ ಎಸೆದ್ರು. ಈ ಸಲಾನೂ ಸುಳ್ಳಾದ್ರೆ ಮುಂದೆ ಯಾವತ್ತೂ ಯಾರೂ ಏಳಲ್ಲ ಲಸ್ತೇನಿಯಾ. ಮೊದ್ಲು ಗೆರೆ ನೋಡೋಣ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಕ್ಲೆವರ್ ತಲೆ ಎತ್ತಲಿಲ್ಲ. ಗೆರೆ ನೋಡದೆ ಗಂಟೆ ಬೇಡವೆನ್ನುವುದು ಅವನಿಗೂ ಬೇಕಾಗಿತ್ತು ಎಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ಕಂಪ್ಯೂಟರ್ ಎದ್ದಿತು. ದೊನ್ಯಾ ಶಿಲುಬೆಯ ಗುರುತು ಮಾಡಿಕೊಂಡಳು. ಪರದೆಯ ಮೇಲೆ ನಮ್ಮ ಹಳೆಯ ಗೆರೆ ಬಂತು, ನೇರವಾಗಿ, ತಣ್ಣಗೆ ಮಲಗಿತ್ತು.

“ಹೊಳೆ ನಿದ್ದೆ ಮಾಡ್ತಿದೆ,” ಅಂದಳು ದೊನ್ಯಾ. ಕುರ್ಚಿಯಲ್ಲಿ ಕುಸಿದು ಕೂತು ಜೋಳದ ತಟ್ಟೆ ಎಳೆದುಕೊಂಡಳು.

ಕ್ಲೆವರ್ ಪರದೆ ಬಿಟ್ಟು ಕದಲಲಿಲ್ಲ. ಮೂಲೆಯಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟ. ಅದು ಎಷ್ಟೋ ವರ್ಷ ಹಿಂದಿನದು.

“ಒಳಗಿನ ಗಡಿಯಾರದ ಸೆಲ್ ಸತ್ತಿದೆ,” ಅಂದ ಮೆಲ್ಲಗೆ. “ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಓಡಿದೆ. ಈಗ ಬರ್ತಿರೋದನ್ನ ಇದು ತಪ್ಪು ಹೊತ್ತಿನದು ಅಂತ ಬಿಸಾಕ್ತಿದೆ. ದೊನ್ಯಾ, ಗೆರೆ ಓಡ್ತಿಲ್ಲ. ನಿಂತಿದೆ. ಇದು ಬೆಳಿಗ್ಗೆ ಕರೆಂಟ್ ಹೋಗೋಕೆ ಮುಂಚಿನದು.”

ದೊನ್ಯಾ ಬಾಯಲ್ಲಿದ್ದದ್ದನ್ನು ನುಂಗಲಿಲ್ಲ.

ಅವನು ತಾರೀಖು ತಿದ್ದಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದ. ಟಕ್ ಟಕ್ ಸದ್ದು ಜೋರಾಯಿತು, ಕೊನೆಗೊಂದು ಕೀರಲು ದನಿ ಬಂತು, ನಿಂತಿತು. ಪರದೆಯ ಮೇಲೆ ಬೆಳಗಿನ ಅದೇ ಸಾಲು. ಕ್ಲೆವರ್ ಇನ್ನೊಮ್ಮೆ ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಎದ್ದು ನಿಂತ.

“ನಂಗೆ ಗೊತ್ತಿಲ್ಲ,” ಅಂದ. “ಹೊಳೆ ಬರ್ತಿದೆಯೋ ಇಲ್ವೋ, ನಂಗೆ ಗೊತ್ತಿಲ್ಲ. ಗಂಟೆ ಹೊಡೆಸಿ.”

“ಗೊತ್ತಿಲ್ಲ ಅಂದ್ಕೊಂಡು ಹೊಡೆಸ್ಲಾ?”

“ಹೌದು ದೊನ್ಯಾ. ಗೊತ್ತಿಲ್ಲ ಅಂತಲೇ.”

ಅವಳು ಕಿಟಕಿಯ ಕಡೆ ನೋಡಿದಳು. ಬೆಟ್ಟ ಇರಲೇ ಇಲ್ಲ, ಕಪ್ಪು ಮಾತ್ರ ಇತ್ತು. ಮೊಳೆಗೆ ನೇತುಹಾಕಿದ್ದ ಇಗರ್ಜಿಯ ಬೀಗದಕೈ ತೆಗೆದುಕೊಂಡು, ಆ ವಯಸ್ಸಿನಲ್ಲೂ, ಚೌಕದಲ್ಲಿ ಓಡಿದಳು.

ನಾನು ಕ್ಲೆವರನ ಮೋಟಾರ್‌ಸೈಕಲ್ ಹಿಂದೆ ಕೂತೆ. ನಾವು ಕೆಳಗೆ ತಲುಪುವಾಗ ಗಂಟೆ ಮೊಳಗುತ್ತಿತ್ತು, ಆದರೆ ಜನ ಅಂಗಳದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. “ಮತ್ತೆ ಎತ್ತುಗಳು ಬಂದ್ವೇನೋ?” ಎಂದು ಯಾರೋ ಕೂಗಿದರು. ಒಂದಿಬ್ಬರು ನಕ್ಕರು. ಆಗ ಅಬ್ದೋನ್ ತೋಟದಿಂದ ಬಂದ, ಹೆಗಲ ಮೇಲೆ ಅವನ ಹಳೆಯ ಕೋವಿ.

“ಕಳ್ಳರ ಭಯ ತಾನೆ ನಿಮ್ಗೆ? ನೀವೆಲ್ಲ ಹತ್ತಿ. ನಾನು ನಾಯಿಗಳನ್ನ ಕಟ್ಕೊಂಡು ಇಲ್ಲೇ ಇರ್ತೀನಿ. ಒಂದು ಕೋಳೀನೂ ಹೋಗೋಕೆ ಬಿಡಲ್ಲ. ಹೋಗಿ.”

ಆ ಮಾತಿಗೆ ಜನ ಕದಲಿದರು. ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡರು. “ನೀವೂ ಬನ್ನಿ ಅಣ್ಣ,” ಎಂದು ಕ್ಲೆವರ್ ಅವನ ತೋಳು ಹಿಡಿದ. “ಎಲ್ರೂ ಹೋದ್ಮೇಲೆ ಬರ್ತೀನಿ ಕಣೋ, ಮೊದ್ಲು ನಿಮ್ಮಪ್ಪನ್ನ ಎಬ್ಬಿಸು,” ಅಂದ ಅಬ್ದೋನ್.

ಸೆಗುಂದೋ ಮುದುಕ ಒಲೆಯ ಮುಂದೆ ಕೂತಿದ್ದ. ಮಗನನ್ನು ಕಂಡು ಮುಖ ತಿರುಗಿಸಿದ.

“ತೈತಾ,” ಎಂದು ಕರೆದ ಕ್ಲೆವರ್. ಅಪ್ಪನನ್ನು ಹಾಗೆ ಕರೆದು ವರ್ಷದ ಮೇಲಾಗಿತ್ತು. “ಏಳಿ, ಹೋಗೋಣ.”

“ನಿನ್ನ ಮಿಷಿನ್ ಹೇಳ್ತಾ?”

“ಇಲ್ಲ. ಮಿಷಿನ್ ಸತ್ತೋಯ್ತು. ಅದು ಏನೂ ಹೇಳ್ಲಿಲ್ಲ. ನಂಗೆ ಭಯ ಆಗಿದೆ, ಅಷ್ಟೇ. ಅದಕ್ಕೇ ಬಂದೆ.”

ಮುದುಕ ಒಲೆಯ ಬೆಂಕಿಗೆ ನೀರು ಚೆಲ್ಲಿ ಎದ್ದ. “ಮಿಷಿನ್ ಹೇಳ್ತು ಅಂದಿದ್ರೆ ಬರ್ತಿರ್ಲಿಲ್ಲ,” ಅಂದ.

ದಾರಿ ತುಂಬ ಜನವಿದ್ದುದರಿಂದ ಮೋಟಾರ್‌ಸೈಕಲ್ ಅಲ್ಲೇ ಬಿಟ್ಟು, ಮಗ ಅವನನ್ನು ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿದ. ಅರ್ಧ ದಾರಿಯಲ್ಲಿರುವಾಗಲೇ ನೆಲ ಗುಡುಗಿತು, ಭಾರ ಹೇರಿದ ಲಾರಿಗಳು ಸಾಲಾಗಿ ಬಂದ ಹಾಗೆ. ಕಲ್ಲಿಗೆ ಕಲ್ಲು ಉಜ್ಜಿದ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತಿರುವಿನಿಂದ ಬಂದದ್ದು ನೀರಿನಂತಿರಲಿಲ್ಲ. ಕಪ್ಪಗೆ, ದಪ್ಪಗೆ, ಮರಗಳನ್ನು ನಿಲ್ಲಿಸಿಕೊಂಡೇ ಬಂತು. ಸೇತುವೆಯನ್ನು ತೆಗೆದುಕೊಂಡಿತು, ಆಮೇಲೆ ಕೆಳಗಿನ ಸಾಲಿನ ಮನೆಗಳನ್ನು. ನಾಯಿಗಳು ಬೊಗಳುತ್ತಿದ್ದದ್ದು ನಿಂತಿತು.

ಅಬ್ದೋನ್ ಕೆಳಗಿನ ಇಟ್ಟಿಗೆ ಭಟ್ಟಿಯ ಹತ್ತಿರ ಸಿಕ್ಕಿದ. ಮಿಕ್ಕವರೆಲ್ಲ ಉಳಿದರು.

ಶವ ಕಾಯುವ ರಾತ್ರಿ ಜನ ಹತ್ತು ಥರ ಆಡಿಕೊಂಡರು. ಬೆಳಿಗ್ಗೆಯೇ ಗಂಟೆ ಹೊಡೆಸಬೇಕಿತ್ತು ಎಂದವರು ಹಿಂದಿನ ವರ್ಷ ಸಗಣಿ ಎಸೆದವರೇ. ದೊನ್ಯಾ ರೊಸೌರಾ ತಮ್ಮನ ತಲೆಯ ಬಳಿ ಕೂತಿದ್ದಳು. ಕ್ಲೆವರ್ ಒಳಗೆ ಬರಲು ಧೈರ್ಯವಾಗದೆ ಹೊಸ್ತಿಲ ಹೊರಗೆ ನಿಂತಿದ್ದ. ನಾನು ಕಾಫಿ ಕೊಡಲು ಹೋದಾಗ ಕೇಳಿದ: “ಲಸ್ತೇನಿಯಕ್ಕ, ಆ ಡಿಸ್ಕ್ ಮುಂದೆ ಸುಮ್ನೆ ಕೂತಿದ್ದೆ ಅಲ್ವಾ ನಾನು? ಕೇಬಲ್ ಬದಲಾಯಿಸ್ದಾಗ್ಲೇ ಅದನ್ನ ಬಿಟ್ಟು ಎದ್ದು ಗಂಟೆ ಹೊಡೆಸಿದ್ರೆ?”

ನಾನು ಕಾಫಿ ಲೋಟವನ್ನು ಅವನ ಕೈಗಿಟ್ಟೆ. ಸಮಾಧಾನದ ಮಾತು ಹೇಳಿದರೆ ಅವನು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ.

ದೊನ್ಯಾ ಎದ್ದು ಬಂದಳು. ಅವಳು ಬಯ್ಯುತ್ತಾಳೆಂದು ನಾನು ಬೆದರಿದೆ. ಅವಳು ಕ್ಲೆವರನ ಮೊಣಕೈ ಹಿಡಿದು, “ಒಳಗೆ ಬಾ. ಅವ್ನ ಹತ್ರ ಕೂತ್ಕೋ,” ಅಂದಳು. ಅವನು ಬಂದು ಕೂತ, ಬೆಳಗಾಗುವವರೆಗೂ ಏಳಲಿಲ್ಲ. ಸೆಗುಂದೋ ಮುದುಕ ಅವನ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದ.