ಬಸಲಿಂಗವ್ವನ ಕಿವಿಯ ಹಿಂದೆ

ನಾನು ಒಂದು ಕಿವಿಯಂತ್ರ. ಗೋಡಂಬಿಯಷ್ಟು ಗಾತ್ರ, ಗೋಡಂಬಿಯಂತೆಯೇ ಬಾಗಿದ ಮೈ. ಕಾರ್ಖಾನೆಯಲ್ಲಿ ಹುಟ್ಟಿದಾಗ ನನಗೆ ಕೇಳಿಸಿದ್ದು ಪರೀಕ್ಷೆಯ ಪೀಂ ಪೀಂ ಸದ್ದು ಮಾತ್ರ. ಲೋಕವೆಂದರೆ ಅಷ್ಟೇ ಎಂದುಕೊಂಡಿದ್ದೆ.

ಧಾರವಾಡದ ಡಾಕ್ಟರ್ ಶಕುಂತಲಾ ನನ್ನನ್ನು ಗುಳೇದಗುಡ್ಡಕ್ಕೆ ತಂದರು. ವಯಸ್ಸಾದವರಿಗೆ ಚೆನ್ನಾಗಿ ಕೇಳಿಸುವಂತಾದರೆ ಮರೆವಿನ ರೋಗವನ್ನು ತಡೆಯಬಹುದೇ ಎಂಬುದು ಅವರ ಸಂಶೋಧನೆ. ನಾನು ಸೇರಿದ್ದು ಬಸಲಿಂಗವ್ವನ ಕಿವಿಗೆ. ಹರೆಯದಿಂದಲೂ ಪಾವರ್‌ಲೂಮ್‌ಗಳ ನಡುವೆ ಕುಪ್ಪಸದ ಖಣ ನೇಯ್ದವಳು. ಆ ಸದ್ದೇ ಅವಳ ಕಿವಿಯನ್ನು ತಿಂದಿತ್ತು.

ಮನೆಯವರಿಗೆ ಅದು ಹೊಳೆದಿರಲಿಲ್ಲ. ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದಳು. ಅವಳು ಹಾಕಿದ ಒಗ್ಗರಣೆ ಮತ್ತೆ ಮತ್ತೆ ಸೀಯುತ್ತಿತ್ತು. "ನಮ್ಮತ್ತೀಗೆ ಅರಳುಮರಳು ಆಗೇತ್ರಿ" ಎಂದು ಸೊಸೆ ಸುಮಂಗಲಾ ಡಾಕ್ಟರಿಗೆ ಹೇಳಿದಳು. ಒಲೆಯ ಹತ್ತಿರ ಹೋಗದಂತೆ ತಡೆದಿದ್ದರು. ಬಸಲಿಂಗವ್ವ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು.

ಮೊದಮೊದಲು ನನ್ನನ್ನು ಕಿತ್ತು ಹಾಕಿದಳು. "ತಲ್ಯಾಗ ಮಗ್ಗ ಬಡದಂಗ ಆಗತೈತಿ."

ಡಾಕ್ಟರ್ ನನ್ನ ದನಿ ತಗ್ಗಿಸಿದರು. "ದಿನಾ ಸ್ವಲ್ಪ ಸ್ವಲ್ಪ ಹಾಕ್ಕೋರಿ, ಅವ್ವಾರ. ಮಿದುಳಿಗೂ ರೂಢಿ ಆಗಬೇಕಲ್ಲ."

ಒಂದು ಬೆಳಗ್ಗೆ ಸುಮಂಗಲಾ ಒಗ್ಗರಣೆಗೆ ಇಟ್ಟಿದ್ದಳು. ಸಣ್ಣದೊಂದು ಚಟಪಟ ನನ್ನೊಳಗೆ ಹಾದುಹೋಯಿತು. ಅದೇನೆಂದು ನನಗೆ ತಿಳಿಯಲಿಲ್ಲ. ಬಸಲಿಂಗವ್ವ ತಲೆಯೆತ್ತಿದಳು.

"ಸಾಸ್ವಿ ಸಿಡೀತು. ಕರಿಬೇವು ಹಾಕವಾ."

ಸುಮಂಗಲಾಳ ಕೈ ನಿಂತಿತು. "ಇದು ನಿಮಗ ಕೇಳ್ತಿರಲಿಲ್ಲೇನ್ರಿ, ಅತ್ತಿ?"

"ಹೊಗಿ ಕಂಡ ಮ್ಯಾಲ ಗೊತ್ತಾಗ್ತಿತ್ತು."

ಸುಮಂಗಲಾ ಎದ್ದು, ಸೌಟನ್ನು ಅತ್ತೆಯ ಕೈಗೆ ಕೊಟ್ಟಳು.

ನಾನು ಬೆರಗಾದೆ. ನಾನು ಒಯ್ದದ್ದು ಬರೀ ಸದ್ದು. ಅದನ್ನು ಸಾಸಿವೆಯೆಂದು ಅರಿತು, ಮುಂದೆ ಕರಿಬೇವು ಎಂದು ನೆನಪಿಸಿದ್ದು ಆ ನರೆತ ತಲೆಯೊಳಗಿನ ಯಾವುದೋ ದೊಡ್ಡ ಶಕ್ತಿ. ನಾನು ಅದರ ಹೊಸ್ತಿಲಲ್ಲಿ ನಿಂತವನು.

ಕೆಲವು ವರ್ಷಗಳ ಮೇಲೆ ಬಸಲಿಂಗವ್ವ ಜ್ವರ ಬಂದು ತೀರಿಕೊಂಡಳು. ಅವಳು ಮರೆತದ್ದೂ ಉಂಟು, ಆದರೆ ಮಾತುಕತೆ ಕೊನೆಯವರೆಗೂ ನಿಲ್ಲಲಿಲ್ಲ.

ಡಾಕ್ಟರ್ ನನ್ನನ್ನು ಒರೆಸಿ, ಸರಿಪಡಿಸಿ, ಲಾರಿ ನಡೆಸಿ ಕಿವಿ ಮಂದವಾಗಿದ್ದ ತಿಪ್ಪಣ್ಣನಿಗೆ ಕೊಟ್ಟರು. ಅವನ ಮರೆವು ಆಗಲೇ ಬೆಳೆದಿತ್ತು, ಬೆಳೆಯುತ್ತಲೇ ಹೋಯಿತು. ಹೆಂಡತಿ ದೇವಕ್ಕ ಕೇಳಿದಳು, "ಇದರಿಂದ ಏನೂ ಆಗಲಿಲ್ಲಲ್ರಿ?"

"ಎಲ್ಲಾರಿಗೂ ಒಂದೇ ನಮೂನಿ ಆಗೂದಿಲ್ಲವಾ," ಎಂದರು ಡಾಕ್ಟರ್. "ಯಾಕಂತ ನಮಗೂ ಇನ್ನಾ ಗೊತ್ತಿಲ್ಲ. ಹುಡುಕಾಕತ್ತೀವಿ."

ಈಗ ನನ್ನ ಮೈ ಸವೆದಿದೆ, ದನಿ ಆಗಾಗ ಕಡಿಯುತ್ತದೆ. ತಿಪ್ಪಣ್ಣನಿಗೆ ಹೆಂಡತಿಯ ಹೆಸರು ನೆನಪಿಲ್ಲ. ಮುಖ ಕಂಡರೆ "ಯಾರವಾ ನೀ?" ಎನ್ನುತ್ತಾನೆ. ನಿನ್ನೆ ಅವಳು ಒಳಗಿನಿಂದ, "ಚಾ ಆಗೇತಿ, ಬರ್ರಿ" ಎಂದು ಕೂಗಿದಳು. ಆ ದನಿಯನ್ನು ನಾನು ಒಯ್ದೆ.

"ಬಂದೆ, ದೇವೂ," ಎಂದ ತಿಪ್ಪಣ್ಣ.